ಏಳನೆಯ ಕೆಟಲು

ಮಾಪ್ಸಾದ ನನ್ನ ಲೇತಿಗೆ ಬೋಟಿನ ಶಾಫ್ಟು ಬರುತ್ತವೆ,
ಕಬ್ಬಿನ ಹಾಲಿನ ಗಾಣದ ರೋಲು ಬರುತ್ತವೆ.
ಕೋವಿ ಬಂದದ್ದು ಅದೇ ಮೊದಲು.
ನೇರುಲ್‌ನ ಎರ್ಮೆಲಿಂದಾಬಾಯಿ
ಹಳೇ ಪರದೆಯಲ್ಲಿ ಸುತ್ತಿ ತಂದಳು,
ಲೈಸೆನ್ಸಿನ ಪುಸ್ತಕ ಎದೆಗೊತ್ತಿಕೊಂಡು
ಪೂಜೆಗೆ ಹೊರಟವಳ ಹಾಗೆ.

ಎಂಟು ನಂಬರಿನ ಜೋಡುನಳಿಗೆ.
ಒಂದು ರಾತಲು ಸೀಸವನ್ನು ಎಂಟೇ ಉಂಡೆ ಕಟ್ಟಿದರೆ
ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು;
ನನ್ನ ಹೆಬ್ಬೆರಳು ಸಲೀಸಾಗಿ ಒಳಗಿಳಿಯಿತು.
ಎರಡು ಕುದುರೆ. ಎಡದ್ದರ ಕಿವಿ ಮುರಿದಿತ್ತು.
‘ಮೇಸ್ತ, ಇದು ಇನ್ನೊಮ್ಮೆ ಮಾತಾಡಬೇಕು,’ ಅಂದಳು.
ಯಾಕೆಂದು ನಾನು ಕೇಳಲಿಲ್ಲ. ಮಳೆಗಾಲ, ಕೆಲಸ ಕಡಿಮೆ.

ಸೀಮೆಎಣ್ಣೆ, ತೆಂಗಿನ ನಾರು, ಹಿತ್ತಾಳೆಯ ಬ್ರಷ್ಷು.
ಮೂರು ತಿಂಗಳು ತುಕ್ಕು ತಿಂದೆ, ತುಕ್ಕು ಸೀನಿದೆ.
ಆಮೇಲೊಂದು ಬೆಳಿಗ್ಗೆ ನಳಿಗೆಯ ಮೇಲೆ
ಕಬ್ಬಿಣ ಉಕ್ಕು ಹೆಣೆದು ಸುತ್ತಿದವನ ಕೈ ಕಂಡಿತು,
ಹಾವಿನ ಪೊರೆಯ ಹಾಗೆ ಸುಳಿಸುಳಿ.
ಹೆಂಡತಿಯನ್ನು ಕರೆದು ತೋರಿಸಿದೆ.
‘ಸೀರೆಗಿದ್ದರೆ ಚಂದಿತ್ತು,’ ಅಂದಳು.

ಎಡನಳಿಗೆಯಲ್ಲಿ ಹಳೇ ಕಾಡತೂಸೊಂದು ಕಚ್ಚಿ ಕೂತಿತ್ತು.
ಸಿಡಿದದ್ದೋ, ಸಿಡಿಯಬೇಕಾದದ್ದೋ, ಯಾರಿಗೆ ಗೊತ್ತು?
ಹನಿಹನಿ ಎಣ್ಣೆ ಬಿಟ್ಟು, ಅಂಗಡಿಯ ಹುಡುಗನನ್ನು ಚಹಾಕ್ಕೆ ಕಳಿಸಿ,
ಉಸಿರು ಬಿಗಿಹಿಡಿದು ಎಳೆದೆ. ಸಿಡಿದಿರಲಿಲ್ಲ.
ಬಕೆಟ್ಟಿನ ನೀರಲ್ಲಿ ಅದರ ಮದ್ದು ಮುಳುಗಿಸಿದಾಗ
ರೂಪಾಯಿಯಷ್ಟಗಲದ ಬಿಲ್ಲೆ ತೇಲಿತು,
ಯಾವುದೋ ಕಾಗದದಿಂದ ಕತ್ತರಿಸಿದ್ದು, ಪೋರ್ಚುಗೀಸು ಅಕ್ಷರ.
ಎರ್ಮೆಲಿಂದಾಬಾಯಿ ಕನ್ನಡಕ ಏರಿಸಿ ಓದಿದಳು:
‘…ಹನ್ನೆರಡು ಚೀಲ. ಅದರಲ್ಲಿ ಒದ್ದೆಯಾದದ್ದು…’
ಮುಂದಿನದನ್ನು ಕತ್ತರಿ ತಿಂದಿತ್ತು.
ಉಪ್ಪಿನ ಲೆಕ್ಕ, ಅಪ್ಪನ ಅಕ್ಷರ.
ಅತ್ತಾಳೆಂದುಕೊಂಡೆ. ನಕ್ಕಳು.

ಈ ಅಳತೆಯ ತೋಟೆ ನನಗೆಲ್ಲಿಯೂ ಸಿಗಲಿಲ್ಲ.
ಹಿತ್ತಾಳೆ ಸರಳು ತಂದು ಲೇತಿಗೆ ಕಟ್ಟಿದೆ,
ಎರಡು ಕೆಡಿಸಿದೆ, ಎರಡು ಕೂತವು,
ಕೂತಾಗ ಬಂದ ಸದ್ದು ಡಬ್ಬಿಯ ಮುಚ್ಚಳದ್ದು, ಅಷ್ಟೇ.
ಬಿಲ್ಲೆಗೆ ಅವಳ ಅಣ್ಣ ಕ್ಲೆಮೆಂತನ ಉಣ್ಣೆಟೋಪಿ,
ಮುಚ್ಚಳಕ್ಕೆ ನನ್ನ ನಾದಿನಿಯ ಲಗ್ನಪತ್ರಿಕೆ.
ಕರಿಮದ್ದು ಪಣಜಿಯ ಸಾಹೇಬರ ಅಂಗಡಿಯದು;
ಅವರು ಹೇಳಿದ್ದರ ಅರ್ಧವೇ ಹಾಕಿದೆ,
ಮುದಿ ನಳಿಗೆ, ಮಕ್ಕಳೊಂದಿಗ ನಾನು.

ಚರೆ ತೂಗುವಾಗ ಅವಳು ಕೈ ಹಿಡಿದಳು.
‘ಸೀಸ ಬೇಡ. ನಮ್ಮ ಆಗರದ ಉಪ್ಪು ಹಾಕು.’
ನನಗೆ ಪಿತ್ತ ನೆತ್ತಿಗೇರಿತು.
ಬಾಯಿ, ಮೂರು ತಿಂಗಳು ತುಕ್ಕು ತೆಗೆದವನ ಕೈಯಿಂದ
ನಳಿಗೆಗೆ ಉಪ್ಪೇ?
ಆಗ ಹೇಳಿದಳು, ಎಡಕಿವಿ ಮುಟ್ಟಿಕೊಂಡು.
ಆರು ವರ್ಷದವಳು; ಅಣ್ಣನ ಬೆನ್ನಿಗೆ ಬಿದ್ದು
ಬಾತುಗಳ ಬೇಟೆಗೆ ಹೋದವಳು;
ಅವನು ತಿರುಗಿ ನೋಡದೆ ಹಾರಿಸಿದ.
‘ಈ ಕಿವಿಯನ್ನು ಒಯ್ದ ಸದ್ದು ಈ ಕಿವಿಗಷ್ಟೇ ಗೊತ್ತು.
ಉಳಿದದ್ದಕ್ಕೂ ಗೊತ್ತಾಗಲಿ. ಹಕ್ಕಿ ಸಾಯುವುದು ಬೇಡ.’

ನವೆಂಬರಿನ ಸಂಜೆ, ತೂಬಿನ ಬಳಿ,
ಬೆಳಿಗ್ಗೆಯೇ ಪಂಚಾಯ್ತಿಗೂ ಠಾಣೆಗೂ ತಿಳಿಸಿ,
ಕೋವಿಯನ್ನು ಲಾರಿಯ ಟಯರಿಗೆ ಬಿಗಿದೆ, ದಾರ ಕಟ್ಟಿದೆ,
ಬಾಂದದ ಹಿಂದೆ ಇಬ್ಬರೂ ಕೂತೆವು.
ಎಳೆದವಳು ಅವಳೇ.

ಬಿಳಿ ಹೊಗೆ ನೀರಿನ ಮೇಲೆ ಹಾಸಿತು.
ದೂರದಲ್ಲಿ ಕೊಕ್ಕರೆಗಳು ಎದ್ದು, ಯೋಚಿಸಿ, ಮತ್ತೆ ಕೂತವು.
ಉಪ್ಪು ಎಲ್ಲಿ ಬಿತ್ತೋ, ಉಪ್ಪುನೀರಿಗೆ ಬಿದ್ದರೆ ಏನು ಗುರುತು.
‘ಇಷ್ಟೇನಾ?’ ಅಂದಳು. ‘ದೊಡ್ಡ ಬಾಗಿಲು ಹಾಕಿದ ಹಾಗೆ.’
ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಪಾಪ, ಕ್ಲೆಮೆಂತ್,’ ಅಂದಳು.
ಎರಡನೆಯದು ಬೇಡವೆಂದಳು.

ಅವಳ ಅಡುಗೆಮನೆಯ ಕಲ್ಲಿನ ಮೇಲೆ
ನಳಿಗೆ ನಿಲ್ಲಿಸಿ ಕುದಿನೀರು ಸುರಿದೆ;
ಕರಿಮದ್ದಿಗೆ ಹೇಗೂ ಅದೇ ಔಷಧ.
ಮೊದಲನೆಯ ಕೆಟಲು ಮಸಿ, ಎರಡನೆಯದು ಬೂದಿ.
ನಾಲ್ಕನೆಯದರಿಂದ ಬೆರಳದ್ದಿ ನಾಲಗೆಗಿಟ್ಟೆ:
ಉಪ್ಪು. ಐದು, ಉಪ್ಪು. ಆರು, ಅನುಮಾನ.
ಬಾಯಿಯೂ ಬೆರಳು ಚಾಚಿದಳು.
ಏಳನೆಯದು ಸಪ್ಪೆ.